ತಪಸ್ಸಿನ ಕಾಲದ ಪ್ರಾರ್ಥನೆ

ಮಾಘವು ಕಳೆದು ಫಾಲ್ಗುಣವು ಕಾಲಿಡುವ ವೇಳೆಗೆ ಹುಲಸೂರ, ಬಸವಕಲ್ಯಾಣ, ಹುಮನಾಬಾದಗಳ ಸುತ್ತಣ ಹೊಲಗಳಲ್ಲಿ ಕಡಲೆ ಕೀಳುವುದು, ಬಿಳಿಜೋಳ ಕೊಯ್ಯುವುದು, ಕಣದಲ್ಲಿ ರಾಶಿ ಮಾಡುವುದು ಎಂದು ಒಕ್ಕಲುಮಕ್ಕಳಿಗೆ ಬಿಡುವೆಂಬುದೇ ಇರುವುದಿಲ್ಲ. ಬೀದರ ಸೀಮೆಯ ಕ್ರೈಸ್ತರಿಗೆ ತಪಸ್ಸಿನ ಕಾಲವು ಒದಗುವುದೂ ಪ್ರಾಯಶಃ ಈ ದಿನಗಳಲ್ಲಿಯೇ. ದೇಹವು ದಣಿದು, ಚಿತ್ತವು ಧಾನ್ಯದ ಲೆಕ್ಕದಲ್ಲಿ ತೊಡಗಿರುವಾಗಲೇ ದೇವರ ಮುಂದೆ ಏಕಾಗ್ರನಾಗಿ ಕುಳಿತುಕೊಳ್ಳಬೇಕಾಗುವುದು. ಇದು ಸುಲಭಸಾಧ್ಯವಾದ ಕಾರ್ಯವಲ್ಲ.

ಈ ವ್ರತಕಾಲವು ಬೂದಿ ಬುಧವಾರದಂದು ಆರಂಭವಾಗಿ ಪುನರುತ್ಥಾನದ ಹಬ್ಬದ ಹಿಂದಿನ ದಿನದವರೆಗೆ ನಡೆಯುವುದು. ಎಣಿಸಿದರೆ 46 ದಿನಗಳು; ನಡುವೆ ಬರುವ 6 ಆದಿತ್ಯವಾರಗಳನ್ನು ಕಳೆದರೆ 40. ಯೇಸುಸ್ವಾಮಿಯು ಅಡವಿಯಲ್ಲಿ ಉಪವಾಸವಿದ್ದ ನಾಲ್ವತ್ತು ದಿನಗಳ ಸ್ಮರಣೆಯು ಇದರಲ್ಲಿ ಅಡಗಿದೆ. ಕ್ರಿಸ್ತಶಕ 325ರ ನೈಸಿಯಾ ಮಹಾಸಭೆಯ ನಿಬಂಧನೆಗಳಲ್ಲಿಯೂ ಈ ನಾಲ್ವತ್ತು ದಿನಗಳ ಪ್ರಸ್ತಾಪವುಂಟು. ಬೀದರ ಜಿಲ್ಲೆಯಲ್ಲಿ ಮೆಥೊಡಿಸ್ಟ ಸಭೆಯವರೂ ಕಥೋಲಿಕರೂ ಇರುವರು. ಹಿಂದಿನ ವರ್ಷ ಗರಿಗಳ ಭಾನುವಾರದಂದು ಜಯಘೋಷದೊಡನೆ ಹಿಡಿದ ಗರಿಗಳನ್ನೇ ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವುದು ಕಥೋಲಿಕರ ಸಂಪ್ರದಾಯ. ನಿನ್ನೆಯ ಸಂಭ್ರಮವು ಇಂದಿನ ಭಸ್ಮವೆಂಬುದನ್ನು ಹಣೆಯೇ ಹೇಳುವುದು.

ಆದರೆ ಹಣೆಯ ಗುರುತು ಎದೆಯ ಗುರುತಾಗದಿದ್ದರೆ ಫಲವೇನು? ಉಪವಾಸ ಮಾಡುವವನು ಮುಖವನ್ನು ಬಾಡಿಸಿಕೊಂಡು ಜನರಿಗೆ ತೋರಿಸಬಾರದು, ಪ್ರಾರ್ಥಿಸುವವನು ಕೋಣೆಯ ಕದವಿಕ್ಕಿಕೊಂಡು ಪ್ರಾರ್ಥಿಸಬೇಕು, ಬರಿಯ ಮಾತುಗಳನ್ನು ಬೆಳೆಸಬಾರದು ಎಂದು ಯೇಸುಸ್ವಾಮಿಯು ಬೆಟ್ಟದ ಮೇಲಣ ಉಪದೇಶದಲ್ಲಿ ಬೋಧಿಸಿದನೆಂದು ಮತ್ತಾಯನ ಸುವಾರ್ತೆಯು ತಿಳಿಸುತ್ತದೆ.

ಕದವಿಕ್ಕಿದ ಮಾತ್ರಕ್ಕೆ ಮನಸ್ಸು ಒಳಗೆ ಉಳಿಯುವುದೆ? ಚಂಚಲವಾದ ಮನಸ್ಸು ಎಲ್ಲೆಲ್ಲಿ ಹರಿಯುವುದೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಕ್ರಿಸ್ತಶಕ 5ನೆಯ ಶತಮಾನದ ಆದಿಭಾಗದಲ್ಲಿ ಜಾನ್ ಕಾಸಿಯನ್ ಎಂಬ ಕ್ರೈಸ್ತ ವಿರಕ್ತನೂ ಚಿತ್ತದ ಅಲೆದಾಟವನ್ನೇ ಕುರಿತು ವಿವರವಾಗಿ ಬರೆದು, ಕೀರ್ತನೆಯೊಂದರ ಚಿಕ್ಕ ವಾಕ್ಯವನ್ನು ಎಡೆಬಿಡದೆ ಸ್ಮರಿಸುವುದನ್ನು ಉಪಾಯವಾಗಿ ಸೂಚಿಸಿದ್ದಾನೆ. ದೇಶವೂ ಭಾಷೆಯೂ ಬೇರೆಯಾದರೂ ಮನುಷ್ಯನ ಮನಸ್ಸು ಎಲ್ಲೆಡೆಯಲ್ಲಿಯೂ ಒಂದೇ.

ಒಬ್ಬ ಗೃಹಸ್ಥನನ್ನು ಊಹಿಸಿರಿ. ತಮ್ಮನು ಹೊಲದ ಬದುವನ್ನು ಒಂದು ಮೊಳ ಒತ್ತಿ ಉತ್ತಿರುವನು. ಅಣ್ಣತಮ್ಮಂದಿರಲ್ಲಿ ಮಾತು ನಿಂತು ಎರಡು ವರುಷಗಳಾಗಿವೆ. ಅಣ್ಣನು ನಾಲ್ವತ್ತು ದಿನವೂ ಒಪ್ಪೊತ್ತು ಉಂಡು, ಬೆಳಗಿನ ಜಾವದಲ್ಲಿ ಮೊಣಕಾಲೂರುವನು. ನಾಲಗೆಯು ಕ್ಷಮೆಯನ್ನು ಬೇಡುತ್ತಿದ್ದರೂ ಮನಸ್ಸು ಬದುವಿನ ಮೇಲೆಯೇ ನಡೆದಾಡುತ್ತಿರುವುದು. ಅವನು ಅದನ್ನು ಕೇವಲ ಚಾಂಚಲ್ಯವೆಂದು ಬಗೆದು, ಎಷ್ಟು ಸಲ ಅಟ್ಟಿದರೂ ಅದು ತಿರುಗಿ ಅಲ್ಲಿಗೇ ಬರುವುದು. ವಿಚಾರಿಸಿ ನೋಡಿದರೆ, ಮನಸ್ಸು ಪದೇ ಪದೇ ಓಡುವ ಆ ಸ್ಥಳದಲ್ಲಿಯೇ ಪ್ರಾರ್ಥನೆಗೆ ತಕ್ಕ ವಿಷಯವಿದೆ. ಹುಣ್ಣನ್ನು ಮುಚ್ಚಿಟ್ಟು ವೈದ್ಯನ ಮುಂದೆ ಕುಶಲವನ್ನು ಹೇಳುವುದು ಜಾಣತನವಲ್ಲ. ಬದುವನ್ನೂ ಸಿಟ್ಟನ್ನೂ ದೇವರ ಮುಂದೆ ಬಿಚ್ಚಿಟ್ಟಾಗ ಪ್ರಾರ್ಥನೆಯು ನಿಜವಾಗುವುದು. ಸಹೋದರನಿಗೆ ಮುನಿಸಿದ್ದುದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟುಹೋಗಿ ಮೊದಲು ಸಮಾಧಾನ ಮಾಡಿಕೊಳ್ಳಬೇಕೆಂದು ಅದೇ ಉಪದೇಶದಲ್ಲಿ ವಿಧಿಸಿರುವುದೂ ಈ ಕಾರಣದಿಂದಲೇ. ಒಂದು ಮೊಳ ನೆಲವನ್ನು ಬಿಡುವುದು ಒಂದು ಊಟವನ್ನು ಬಿಡುವುದಕ್ಕಿಂತ ಕಠಿಣ.

12ನೆಯ ಶತಮಾನದಲ್ಲಿ ಹುಲಸೂರಿಗೆ ಸಮೀಪವಾದ ಕಲ್ಯಾಣದಲ್ಲಿ ಬಸವಣ್ಣನವರೇ ಮೊದಲಾದ ಶರಣರು ನುಡಿಗೂ ನಡೆಗೂ ಅಂತರವುಳ್ಳ ಭಕ್ತಿಯನ್ನು ಒಪ್ಪಲಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿ ಮನಸ್ಸನ್ನು ನಿಲ್ಲಿಸುವ ಪದ್ಧತಿಯು ಈ ಸೀಮೆಯ ಮನೆಗಳಲ್ಲಿ ಇಂದಿಗೂ ಉಂಟು. ಮತಗಳು ಬೇರೆ, ತತ್ತ್ವಗಳೂ ಬೇರೆ. ಅವುಗಳನ್ನು ಒಂದೆಂದು ಸಾಧಿಸುವ ಅಗತ್ಯವಿಲ್ಲ. ಆದರೆ ನೆರೆಯವನ ಉಪವಾಸವನ್ನು ಗೌರವದಿಂದ ನೋಡತಕ್ಕ ಕಣ್ಣನ್ನು ಈ ನೆಲವು ತನ್ನ ಮಕ್ಕಳಿಗೆ ಕೊಟ್ಟಿದೆ.

ಕಣದಲ್ಲಿ ಒಕ್ಕಲಿಗನು ಗಾಳಿಗೆ ತೂರಿ ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುವನು. ಪ್ರಾರ್ಥನೆಯಲ್ಲಿಯೂ ಮಾತಿನ ರಾಶಿಯು ಎಷ್ಟೇ ದೊಡ್ಡದಿರಲಿ, ತೂರಿದ ಮೇಲೆ ಉಳಿದ ಕಾಳೆಷ್ಟು ಎಂಬುದೇ ಲೆಕ್ಕ. ಅಲ್ಪವಾದರೂ ಮನಃಪೂರ್ವಕವಾದುದೇ ಸಾಕು.