ಹತ್ತದ ಕೆಂಪು ದೀಪ: ಹಳೆಯ ಬಸ್ಸಿನ ಆಲ್ಟರ್ನೇಟರ್ ಮತ್ತು ಒಂದು ವಿಜ್ಞಾನ ಪಾಠ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆಲ್ಟರ್ನೇಟರನ್ನು ಇಂದಿಗೂ ‘ಡೈನಮೊ’ ಎಂದೇ ಕರೆಯುತ್ತಾರೆ. ಎಂಜಿನ್ ತಿರುಗಿಸುವ ಮೋಟಾರಿಗೆ ‘ಸೆಲ್ಫ್’, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ‘ಕಟೌಟ್’, ಪುಸ್ತಕದ ‘ಬ್ರಷ್’ಗೆ ‘ಕಾರ್ಬನ್’. ಹತ್ತನೆಯ ತರಗತಿಗೆ ವಿದ್ಯುತ್ ಜನಕದ ಪಾಠ ಮಾಡಲು ಹೋಗುವ ಪ್ರಶಿಕ್ಷಣಾರ್ಥಿಗೆ ಈ ನಾಲ್ಕು ಮಾತು ಗೊತ್ತಿರಬೇಕು. ಏಕೆಂದರೆ ತರಗತಿಯಲ್ಲಿ ಕುಳಿತ ಒಬ್ಬಿಬ್ಬರು ಮಕ್ಕಳಿಗಾದರೂ ಅವು ಗೊತ್ತಿರುತ್ತವೆ.

ಹಳೆಯ ಬಸ್ಸನ್ನು ಬೇರೆ ಕೆಲಸಕ್ಕೆ ಮಾರ್ಪಡಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2020ರಲ್ಲಿ ಕೆ.ಎಸ್.ಆರ್.ಟಿ.ಸಿ.ಯ ಹಳೆಯ ಬಸ್ಸೊಂದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮಹಿಳೆಯರ ಶೌಚಾಲಯವಾಯಿತು. ಕೋವಿಡ್ ಕಾಲದಲ್ಲಿ ಬಸ್ಸುಗಳು ಸಂಚಾರಿ ಜ್ವರ ಚಿಕಿತ್ಸಾಲಯಗಳಾದವು. ನಾನು ಇಂಟರ್ನ್‌ಶಿಪ್ ಮಾಡುತ್ತಿದ್ದ ಪ್ರೌಢಶಾಲೆಗೆ ಬಂದದ್ದು ಅಂಥದೇ ಒಂದು ಬಸ್ಸು. ಸೇವಾ ಸಂಸ್ಥೆಯೊಂದು ಹಳೆಯ ಬಸ್ಸಿನ ಸೀಟುಗಳನ್ನು ತೆಗೆದು, ಮೇಜು, ದೀಪ, ಫ್ಯಾನು, ಕಂಪ್ಯೂಟರ್, ಪ್ರೊಜೆಕ್ಟರ್ ಕೂರಿಸಿ ಸಂಚಾರಿ ವಿಜ್ಞಾನ ಪ್ರಯೋಗಾಲಯ ಮಾಡಿತ್ತು. ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹೀಗೆ ಐದು ತಾಲ್ಲೂಕುಗಳ ಶಾಲೆಗಳಿಗೆ ಸರದಿಯಂತೆ ಹೋಗುವುದು ಅದರ ಕೆಲಸ.

ಹಗರಿಬೊಮ್ಮನಹಳ್ಳಿಯ ನಮ್ಮ ಶಾಲೆಯಲ್ಲಿ ಅದು ಎರಡು ದಿನ ನಿಲ್ಲಬೇಕಿತ್ತು. ಎರಡನೆಯ ದಿನ ಬೆಳಿಗ್ಗೆ ಚಾಲಕರು ಕೀಲಿ ತಿರುಗಿಸಿದರೆ ‘ಕಟ್ ಕಟ್’ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಮಧ್ಯಾಹ್ನ ಬಸ್ಸು ಕೊಟ್ಟೂರಿಗೆ ಹೊರಡಬೇಕು. ಅಲ್ಲಿಯ ಮಕ್ಕಳಿಗೆ ದಿನಾಂಕ ಹೇಳಿಯಾಗಿತ್ತು. ಸಂಸ್ಥೆಯವರು ಫೋನಿನಲ್ಲಿ, “ದೊಡ್ಡದೊಂದು ಹೊಸ ಆಲ್ಟರ್ನೇಟರ್ ಹಾಕಿಸಿಬಿಡೋಣ, ತರಿಸುವವರೆಗೆ ಒಂದು ವಾರ ಕಾರ್ಯಕ್ರಮ ನಿಲ್ಲಿಸಿ” ಎಂದರು. ನನಗೆ ಅಂದು ಮೂರನೆಯ ಅವಧಿಯಲ್ಲಿ ವೀಕ್ಷಣೆಯ ಪಾಠವಿತ್ತು. ಆ ವರ್ಷದ ಪುಸ್ತಕದ ವಿದ್ಯುತ್ ಜನಕವೇ ಘಟಕ. ಪಾಠವನ್ನು ಬಸ್ಸಿನ ಬಳಿ ಮಾಡಲೇ ಎಂದು ವೀಕ್ಷಕ ಅಧ್ಯಾಪಕರನ್ನು ಕೇಳಿದೆ. ಅವರು ಎರಡು ಷರತ್ತು ಹಾಕಿ ಒಪ್ಪಿದರು: ಎಂಜಿನ್ ಓಡುವಾಗ ಯಾವ ಮಗುವೂ ಬೆಲ್ಟಿನ ಹತ್ತಿರ ಹೋಗಕೂಡದು, ಕಲಿಕಾ ಫಲ ಯೋಜನೆಯಲ್ಲಿ ಬರೆದದ್ದೇ ಆಗಿರಬೇಕು.

ಊರಿನ ಎಲೆಕ್ಟ್ರಿಕಲ್ ಮೇಸ್ತ್ರಿ ಬಂದರು. ನಮ್ಮ ತರಗತಿಯ ಹುಡುಗನೊಬ್ಬ ಅವರ ಚೀಲ ಹಿಡಿದುಕೊಂಡ. ಭಾನುವಾರ, ರಜೆಗಳಲ್ಲಿ ಅವನು ಅವರ ಅಂಗಡಿಗೆ ಹೋಗುತ್ತಾನೆಂದು ಆಗ ತಿಳಿಯಿತು. ವಿಜ್ಞಾನದ ಕಿರುಪರೀಕ್ಷೆಗಳಲ್ಲಿ ಅವನಿಗೆ ಐದಂಕಿಯ ಮೇಲೆ ಬಂದದ್ದಿಲ್ಲ. ಈ ವರ್ಷ ಪರೀಕ್ಷೆಗೆ ಕೂರುವುದಿಲ್ಲ, ಅಂಗಡಿಗೇ ಸೇರುತ್ತೇನೆ ಎಂದು ಗೆಳೆಯರಿಗೆ ಹೇಳಿದ್ದನಂತೆ.

ಚಾಲಕರು, “ಚಾರ್ಜಿಂಗ್ ಸರಿ ಐತ್ರೀ ಮೇಸ್ತ್ರಿ, ಕೆಂಪು ಲೈಟ್ ಹತ್ತೇ ಇಲ್ಲ” ಎಂದರು. ಮೇಸ್ತ್ರಿ ನಕ್ಕು ಹುಡುಗನ ಕಡೆ ನೋಡಿದರು. “ಹತ್ತಬೇಕಲ್ಲಣ್ಣ! ಕೀಲಿ ಹಾಕಿದಾಗ ಹತ್ತಬೇಕು, ಇಂಜಿನ್ ಶುರುವಾದ ಮ್ಯಾಲ ಆರಬೇಕು. ಹತ್ತೇ ಇಲ್ಲ ಅಂದ್ರ ಒಳಗ ಎಲ್ಲೋ ದಾರಿ ಕಡಿದೈತಿ” ಎಂದ ಅವನು.

ಪಾಠ ಅಲ್ಲಿಂದಲೇ ಆರಂಭವಾಯಿತು. ಬ್ಯಾಟರಿಯಿಂದ ಹೊರಟ ಸಣ್ಣ ಪ್ರವಾಹ ಆ ಕೆಂಪು ದೀಪದ ಮೂಲಕ, ಕಾರ್ಬನ್ ದಾಟಿ, ಒಳಗೆ ತಿರುಗುವ ಸುರುಳಿಗೆ ಹೋಗಬೇಕು. ಮಂಡಲ ಪೂರ್ಣವಾಗಿದ್ದರೆ ದೀಪ ಹತ್ತುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ತಾನೇ ವಿದ್ಯುತ್ ಉತ್ಪಾದಿಸಿದಾಗ ದೀಪದ ಎರಡೂ ತುದಿಗಳಲ್ಲಿ ವೋಲ್ಟೇಜ್ ಸಮವಾಗುತ್ತದೆ, ದೀಪ ಆರುತ್ತದೆ. ‘ವಿಭವಾಂತರವಿಲ್ಲದಿದ್ದರೆ ಪ್ರವಾಹವಿಲ್ಲ’ ಎಂದು ಮಕ್ಕಳು ಹಿಂದಿನ ಘಟಕದಲ್ಲಿ ಬಾಯಿಪಾಠ ಮಾಡಿದ್ದರು. ದೀಪ ಆರುವುದಕ್ಕೆ ಕಾರಣ ಅದೇ ಎಂದು ಒಬ್ಬ ಹುಡುಗಿ ಹೇಳಿದಳು.

ದೀಪದ ಬಲ್ಬು ಸರಿಯಿತ್ತು. ಮೇಸ್ತ್ರಿ ಇನ್ನೊಂದು ಪರೀಕ್ಷೆ ಮಾಡಿದರು. ಎಂಜಿನ್ ನಿಂತಿದ್ದಂತೆಯೇ ಕೀಲಿ ಹಾಕಿಸಿ, ಸ್ಕ್ರೂಡ್ರೈವರನ್ನು ಆಲ್ಟರ್ನೇಟರಿನ ಬೇರಿಂಗ್ ಕಡೆಗೆ ಒಯ್ದರು. ಒಳಗಿನ ಸುರುಳಿಯಲ್ಲಿ ಪ್ರವಾಹ ಹರಿಯುತ್ತಿದ್ದರೆ ಅದು ವಿದ್ಯುತ್ಕಾಂತವಾಗಿ ಉಕ್ಕನ್ನು ಸೆಳೆಯಬೇಕು. ಸೆಳೆಯಲಿಲ್ಲ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದರು, ಸರಿಯಿತ್ತು. ಬ್ಯಾಟರಿ ತಂತಿ ಬಿಚ್ಚಿ, ಆಲ್ಟರ್ನೇಟರ್ ಇಳಿಸಿ, ಗೋಣಿಚೀಲದ ಮೇಲೆ ಬಿಚ್ಚಿಟ್ಟರು. ಕಾರ್ಬನ್ ಎರಡೂ ಸವೆದು, ಸ್ಲಿಪ್ ರಿಂಗನ್ನು ಮುಟ್ಟದಷ್ಟು ಗಿಡ್ಡವಾಗಿದ್ದವು. ರಿಂಗುಗಳ ಮೇಲೆ ಕರಿ ಕಟ್ಟಿತ್ತು. ಹಿಂದಿನ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು. ಆರು ಡಯೋಡುಗಳನ್ನು ಮೀಟರಿನಲ್ಲಿ ನೋಡಿದರು. ಆರೂ ಒಂದೇ ದಿಕ್ಕಿಗೆ ದಾರಿ ಬಿಡುತ್ತಿದ್ದವು, ಹಿಂದಿರುಗಿಸಿದರೆ ಬಿಡುತ್ತಿರಲಿಲ್ಲ. ಹೊರಸುತ್ತಿನ ತಾಮ್ರದ ತಂತಿ ಸುಟ್ಟಿರಲಿಲ್ಲ.

ಇಲ್ಲಿ ತರಗತಿ ಎರಡು ಪಕ್ಷವಾಯಿತು. ಪುಸ್ತಕದ ಚಿತ್ರದಲ್ಲಿ ಕಾಂತ ನಿಂತಿರುತ್ತದೆ, ಸುರುಳಿ ತಿರುಗುತ್ತದೆ, ಉತ್ಪತ್ತಿಯಾದ ಪ್ರವಾಹ ಬ್ರಷ್‌ಗಳ ಮೂಲಕ ಹೊರಬರುತ್ತದೆ. “ಇದೂ ಹಾಗೆಯೇ” ಎಂದರು ಹೆಚ್ಚಿನವರು. “ಅಲ್ಲ ಮೇಡಂ, ಇದರಾಗ ಕಾರ್ಬನ್‌ನಿಂದ ಕರೆಂಟ್ ಹೊರಗ ಬರಲ್ಲ, ಒಳಗ ಹೋಗ್ತೈತಿ. ಹೊರಗ ಬರೋದು ಈ ದಪ್ಪ ವೈರಿನಾಗ” ಎಂದ ಹುಡುಗ. ಯಾರು ಸರಿ ಎಂದು ನಾನು ಹೇಳಲಿಲ್ಲ. ದಪ್ಪ ತಂತಿ ಯಾವ ಭಾಗದಿಂದ ಹೊರಟಿದೆ, ಅದು ತಿರುಗುವ ಭಾಗವೋ ನಿಂತ ಭಾಗವೋ ಎಂದು ಬೆರಳಿಟ್ಟು ನೋಡಿ ಬರೆಯಿರಿ ಎಂದೆ. ಹತ್ತು ನಿಮಿಷ ಗೋಣಿಚೀಲದ ಸುತ್ತ ಕುಳಿತು ಚಿತ್ರ ಬರೆದರು. ನಿಂತ ಭಾಗದಿಂದ ಎಂಬುದು ಎಲ್ಲರಿಗೂ ಕಂಡಿತು. ಇಲ್ಲಿ ತಿರುಗುವುದು ಕಾಂತ, ನಿಂತಿರುವುದು ಸುರುಳಿ. ಬಸ್ಸಿಗೆ ಬೇಕಾದ ದೊಡ್ಡ ಪ್ರವಾಹವನ್ನು ಉಜ್ಜುವ ಕಾರ್ಬನ್ ಮೂಲಕ ತೆಗೆಯುವ ಬದಲು, ಕಾಂತಕ್ಕೆ ಸಾಕಾಗುವ ಕೆಲವೇ ಆಂಪಿಯರನ್ನು ಅದರ ಮೂಲಕ ಒಳಗೆ ಕಳಿಸುತ್ತಾರೆ. 1831ರಲ್ಲಿ ಫ್ಯಾರಡೆ ತೋರಿಸಿದ ತತ್ವಕ್ಕೆ ಯಾವುದು ತಿರುಗಿದರೂ ಒಂದೇ. ಸುರುಳಿ ಮತ್ತು ಕಾಂತಕ್ಷೇತ್ರದ ನಡುವೆ ಸಾಪೇಕ್ಷ ಚಲನೆ ಇರಬೇಕು. ನಮ್ಮ ಯೋಜನೆಯಲ್ಲಿದ್ದ ಕಲಿಕಾ ಫಲ ಇದೇ ಆಗಿತ್ತು.

ಹುಟ್ಟುವ ಪ್ರವಾಹ ಪರ್ಯಾಯ ಪ್ರವಾಹ, ಬ್ಯಾಟರಿಗೆ ಬೇಕಾದದ್ದು ನೇರ ಪ್ರವಾಹ. ಹಿಂದಿನ ಡೈನಮೊಗಳಲ್ಲಿ ಕಮ್ಯುಟೇಟರ್ ಆ ಕೆಲಸ ಮಾಡುತ್ತಿತ್ತು. 1960ರ ದಶಕದಲ್ಲಿ ಸಿಲಿಕಾನ್ ಡಯೋಡುಗಳು ಅಗ್ಗವಾಗಿ ಸಿಗತೊಡಗಿದ ಮೇಲೆ ವಾಹನಗಳಿಗೆ ಆಲ್ಟರ್ನೇಟರ್ ಬಂದಿತು. ಯಂತ್ರ ಬದಲಾದರೂ ನಮ್ಮ ಗ್ಯಾರೇಜಿನಲ್ಲಿ ಹಳೆಯ ಹೆಸರೇ ಉಳಿಯಿತು.

ಮೇಸ್ತ್ರಿ ಹೊಸ ಕಾರ್ಬನ್, ಹೊಸ ಬೇರಿಂಗ್ ಹಾಕಿ, ರಿಂಗುಗಳನ್ನು ನಯವಾದ ಮರಳುಕಾಗದದಿಂದ ತಿಕ್ಕಿ, ಜೋಡಿಸಿ ಕೂರಿಸಿದರು. ಕೀಲಿ ಹಾಕಿದಾಗ ಕೆಂಪು ದೀಪ ಹತ್ತಿತು. ಸ್ಕ್ರೂಡ್ರೈವರ್ ಹೋಗಿ ಅಂಟಿಕೊಂಡಿತು. ಬೇರೆ ಬ್ಯಾಟರಿಯ ನೆರವಿನಿಂದ ಎಂಜಿನ್ ಶುರು ಮಾಡಿದರು, ದೀಪ ಆರಿತು. ಮೊದಲು 24ರ ಹತ್ತಿರವಿದ್ದ ಮೀಟರ್ ನಿಧಾನವಾಗಿ 28 ವೋಲ್ಟಿನ ಹತ್ತಿರ ಬಂದಿತು. ಚಾಲಕರು, “ಚಾರ್ಜ್ ಆಗ್ತೈತೋ ಇಲ್ಲೋ, ಬ್ಯಾಟರಿ ವೈರ್ ತೆಗೆದು ನೋಡೋಣ” ಎಂದಾಗ ಮೇಸ್ತ್ರಿ ಗದರಿದರು. ಎಂಜಿನ್ ಓಡುವಾಗ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಒಮ್ಮೆಗೆ ಏರಿ ಡಯೋಡು, ರೆಗ್ಯುಲೇಟರು ಸುಡಬಹುದು.

ಹಾಗಾದರೆ ದೊಡ್ಡ ಆಲ್ಟರ್ನೇಟರ್ ಬೇಕೇ ಬೇಡವೇ? ಈ ಪ್ರಶ್ನೆಯನ್ನು ಮೌಲ್ಯಮಾಪನಕ್ಕೆ ಇಟ್ಟೆ. ಫಲಕದ ಮೇಲೆ 24 ವೋಲ್ಟ್, 35 ಆಂಪಿಯರ್ ಎಂದಿತ್ತು. ಬಸ್ಸಿನೊಳಗಿನ ದೀಪಗಳಿಗೆ 180 ವ್ಯಾಟ್, ಫ್ಯಾನುಗಳಿಗೆ 160, ಇನ್ವರ್ಟರ್ ಮೂಲಕ ಪ್ರೊಜೆಕ್ಟರ್ ಮತ್ತು ಕಂಪ್ಯೂಟರಿಗೆ 380. ಒಟ್ಟು 720 ವ್ಯಾಟ್. 24ರಿಂದ ಭಾಗಿಸಿದರೆ 30 ಆಂಪಿಯರ್. ಶಾಲೆಯ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ ಎರಡು ಗಂಟೆ ಪ್ರದರ್ಶನ ಮಾಡಿದರೆ ಬ್ಯಾಟರಿಯಿಂದ 60 ಆಂಪಿಯರ್-ಗಂಟೆ ಖರ್ಚು. ಆಮೇಲೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಅರ್ಧ ಗಂಟೆಯ ಹಾದಿ ಎಂದಿಟ್ಟುಕೊಳ್ಳಿ. ಪೂರ್ತಿ 35 ಆಂಪಿಯರ್ ಬ್ಯಾಟರಿಗೇ ಹೋದರೂ ತುಂಬುವುದು 17.5. ಎರಡರಷ್ಟು ದೊಡ್ಡದು ಹಾಕಿದರೂ 35. ಉಳಿದ 25 ಎಲ್ಲಿಂದ?

ಬಸ್ಸಿನ ಆಲ್ಟರ್ನೇಟರನ್ನು ಮಾಡಿದ್ದು ದಿನವಿಡೀ ಓಡುವ ಬಸ್ಸಿಗಾಗಿ. ಮಾರ್ಪಡಿಸಿದ ಬಸ್ಸು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ನಮ್ಮ ತಾಲ್ಲೂಕು ಕೇಂದ್ರಗಳು ಒಂದಕ್ಕೊಂದು ಹತ್ತಿರವಿರುವುದರಿಂದ ತೊಂದರೆ ಇನ್ನೂ ಹೆಚ್ಚು. “ಹಂಗಾರ ನಿಂತಾಗ ಸಾಲಿ ಕರೆಂಟಿನಿಂದ ಚಾರ್ಜ್ ಮಾಡ್ಬೇಕು” ಎಂದರು ಮಕ್ಕಳು. ಮೇಸ್ತ್ರಿಯೂ ಅದನ್ನೇ ಹೇಳಿದರು: ಡೈನಮೊ ಇದೇ ಇರಲಿ, ಒಂದು ಬ್ಯಾಟರಿ ಚಾರ್ಜರ್ ಮತ್ತು ಉದ್ದನೆಯ ಕೇಬಲ್ ತನ್ನಿ. ಮಕ್ಕಳು ಬರೆದ ಲೆಕ್ಕದ ಹಾಳೆಯ ಫೋಟೊವನ್ನು ಸಂಸ್ಥೆಗೆ ಕಳಿಸಿದೆವು. ಅವರು ಒಪ್ಪಿದರು. ಬಸ್ಸು ಅಂದು ಸಂಜೆಯ ಬೆಳಕಿರುವಾಗಲೇ ಕೊಟ್ಟೂರಿಗೆ ಹೊರಟಿತು.

ಲೆಕ್ಕ ನಡೆಯುವಾಗ ಹುಡುಗ ಸುಮ್ಮನಿದ್ದ. ಕಾರ್ಬನ್ ಬದಲಿಸುವುದು ಅವನಿಗೆ ಬರುತ್ತದೆ, ಆಂಪಿಯರ್-ಗಂಟೆ ಬರುವುದಿಲ್ಲ. ಮೇಸ್ತ್ರಿ ಚೀಲ ಕಟ್ಟುತ್ತ, ಗಟ್ಟಿಯಾಗಿ ಅಲ್ಲ, ಅವನೊಬ್ಬನಿಗೇ ಕೇಳುವಂತೆ ಹೇಳಿದರು: “ನೋಡಪ, ಬಿಚ್ಚೋದು ನಾ ಕಲಿಸ್ತೀನಿ. ಈ ಲೆಕ್ಕ ನನಗೂ ಅಂದಾಜಿನಾಗ ಐತಿ, ಬರಿಯಾಕ ಬರಲ್ಲ. ಹತ್ತನೇದು ಮುಗಿಸ್ಕೊಂಡು ಬಾ. ಐ.ಟಿ.ಐ.ಗೆ ಹೋಗು, ಆಮ್ಯಾಲ ಅಂಗಡಿ ಎಲ್ಲಿ ಹೋಗ್ತೈತಿ?” ಮರುದಿನ ಅವನು ಟಿಪ್ಪಣಿ ಪುಸ್ತಕ ತಂದು ಭಾಗಾಕಾರದ ಆ ಸಾಲನ್ನು ಇನ್ನೊಮ್ಮೆ ಹೇಳಿಕೊಡಿ ಎಂದ. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೂ ಶಾಲೆ ಬಿಡಲಿಲ್ಲ. ಪರೀಕ್ಷೆಯ ಶುಲ್ಕ ಕಟ್ಟಿದವರ ಪಟ್ಟಿಯಲ್ಲಿ ಅವನ ಹೆಸರಿತ್ತು.

ಈ ಘಟಕ ಬೋಧಿಸುವ ಗೆಳೆಯರಿಗೆ ಒಂದು ಮಾತು. ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಟ್ಟ ಆಲ್ಟರ್ನೇಟರ್ ಗುಜರಿಗೆ ಕಾದಿರುತ್ತದೆ. ಕೇಳಿ ತನ್ನಿ. ಒಳಸುರುಳಿ ಸರಿಯಿದ್ದರೆ ಸ್ಲಿಪ್ ರಿಂಗುಗಳಿಗೆ ಎರಡು-ಮೂರು ಟಾರ್ಚ್ ಸೆಲ್ ಜೋಡಿಸಿ ಕೈಯಿಂದ ತಿರುಗಿಸಿ. ಹೊರಸುತ್ತಿನ ಎರಡು ತುದಿಗಳಿಗೆ ಕಟ್ಟಿದ ಗ್ಯಾಲ್ವನೋಮೀಟರಿನ ಮುಳ್ಳು ಆ ಕಡೆ ಈ ಕಡೆ ಆಡುತ್ತದೆ. ಸೆಲ್ ತೆಗೆದು ತಿರುಗಿಸಿದರೆ ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತ್ವದಿಂದ ಏನಾದರೂ ಆಡೀತು, ಆಡದೆಯೂ ಇದ್ದೀತು. ಯಾಕೆ ಎಂದು ಮಕ್ಕಳನ್ನೇ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಗ್ಯಾರೇಜಿನ ಕಡೆ ಹೋಗಿ ಬರುವ ಮಗು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ, ಅದಕ್ಕೆ ಕೈಯೆತ್ತಲು ಸ್ವಲ್ಪ ಹೊತ್ತು ಬೇಕಾಗುತ್ತದೆ.