ನಮ್ಮ ಯೆಜ್ಡಿಯ ಕಾರ್ಬೊರೇಟರ್



ಈ ತಿಂಗಳ ಗೋಡೆ ಪತ್ರಿಕೆಗೆ ನಿಮ್ಮ ಮನೆಯ ಒಂದು ವಸ್ತುವಿನ ಬಗ್ಗೆ ಬರೀರಿ ಎಂದು ಕನ್ನಡ ಮೇಷ್ಟ್ರು ಹೇಳಿದರು. ನಾನು ಅಪ್ಪನ ಯೆಜ್ಡಿ ಬಗ್ಗೆ ಬರೆಯುತ್ತೇನೆ. ಅದು ಬೀದಿ ತಿರುಗುವ ಮೊದಲೇ ಅರ್ಧ ಊರಿಗೆ ಕೇಳಿಸುತ್ತೆ. ಹಾಗಾಗಿ ನಿಮಗೆಲ್ಲ ಅದರ ಪರಿಚಯ ಇದ್ದೇ ಇದೆ.

ಈ ಗಾಡಿ ಹುಟ್ಟಿದ್ದು ಮೈಸೂರಿನಲ್ಲಿ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿ ಮಾಡಲು ಶುರು ಮಾಡಿತು. ಆಮೇಲೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 250 ಸಿ.ಸಿ., ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಮಾತ್ರ ಎರಡೂ ಒಂದೇ ಕಡ್ಡಿ! "ಇದೇನು ಲೆಕ್ಕಾನೋ" ಅಂತ ಅಮ್ಮ ನಗುತ್ತಾಳೆ.

ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ಓಡಿಸುತ್ತಾನೆ. ಇಪ್ಪತ್ತೈದು ವರ್ಷ ಆ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿದೆ. ಅದನ್ನು ಅವನು ಒಪ್ಪೋದಿಲ್ಲ. "ನೀವೇ ಮೆಲ್ಲಗೆ ಮಾತಾಡ್ತೀರಿ" ಅಂತಾನೆ.

ಹೋದ ವರ್ಷ ನಾವಿಬ್ಬರೂ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗ್ತಾ ಇದ್ವಿ. ದಾರಿಯಲ್ಲಿ ಗಾಡಿಯ ಸದ್ದು ಬದಲಾಯಿತು. ತೆಳ್ಳಗೆ, ಕೀರಲಾಗಿ ಬರ್ತಿತ್ತು. ಹಿಂದೆ ಕೂತಿದ್ದ ನನಗೆ ಕೇಳಿಸಿತು. ಅಪ್ಪನಿಗೆ ಗೊತ್ತಿರುತ್ತೆ ಅಂದುಕೊಂಡು ನಾನು ಸುಮ್ಮನಿದ್ದೆ. ಸ್ವಲ್ಪ ದೂರಕ್ಕೆ ಇಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಜಾರಿತು. ಪುಣ್ಯಕ್ಕೆ ಬೀಳಲಿಲ್ಲ.

ಕಾರ್ಬೊರೇಟರ್‌ನ ಜೆಟ್ಟಿನಲ್ಲಿ ಕಸ ಕಟ್ಟಿತ್ತಂತೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಹೋಗೋದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಆಗ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದಕ್ಕೆ ಅಪ್ಪನ ಮೂರು ವಾರದ ಕೂಲಿ ಹೋಯಿತು. ನನಗೆ ಕೇಳಿಸಿತ್ತು ಅಂತ ನಾನು ಯಾರಿಗೂ ಹೇಳಲಿಲ್ಲ. ಒಂದು ರಾತ್ರಿ ತಡೀಲಾರದೆ ಅಪ್ಪನಿಗೆ ಹೇಳಿಬಿಟ್ಟೆ. ಬೈತಾನೆ ಅಂದುಕೊಂಡಿದ್ದೆ. ಅವನು ತುಂಬಾ ಹೊತ್ತು ಸುಮ್ಮನೆ ಕೂತಿದ್ದ.

ಭಾನುವಾರ ಬೆಳಿಗ್ಗೆ ಸ್ಕ್ರೂ ಡ್ರೈವರ್ ಹಿಡಿದು "ಬಾರಮ್ಮಾ ಇಲ್ಲಿ" ಅಂತ ಕರೆದ. ಮೊದಲು ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆವು. ಜೆಟ್ಟಿಗೆ ನಾನು ಪಿನ್ ಹಾಕಲು ಹೋದೆ. ಅಪ್ಪ ಕೈ ತಡೆದ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ಕೆಡುತ್ತೆ, ಗಾಳಿ ಊದಬೇಕು ಅಷ್ಟೆ. ಆಮೇಲೆ ಇಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿದ. ತಣ್ಣಗಿರುವಾಗ ಟ್ಯೂನ್ ಮಾಡಿದರೆ ಅದು ಸುಳ್ಳು ಲೆಕ್ಕ.

ಗಾಳಿಯ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಬಿಚ್ಚಿದ. "ನಾನು ತಿರುಗಿಸ್ತೀನಿ, ನೀನು ಕೇಳು. ಸದ್ದು ಏರಿದರೆ ಕೈ ಮೇಲೆ, ಇಳಿದರೆ ಕೆಳಗೆ" ಅಂದ. ತನಗೆ ಕೇಳಿಸಲ್ಲ ಅಂತ ಮಾತ್ರ ಹೇಳಲಿಲ್ಲ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಸದ್ದು ದಪ್ಪಗೆ ಮುಗ್ಗರಿಸುತ್ತೆ. ಹೊರಗೆ ತಿರುಗಿಸಿದರೆ ಏರುತ್ತೆ, ಇನ್ನೂ ಬಿಚ್ಚಿದರೆ ಕೀರಲಾಗಿ ಇಳಿಯುತ್ತೆ. ಮಧ್ಯೆ ಒಂದು ಕಡೆ ಸದ್ದು ಅತಿ ಹೆಚ್ಚು ಏರಿ ಸಮವಾಗಿ ನಿಲ್ಲುತ್ತೆ. ಅದನ್ನು ಹಿಡಿಯಲು ಅರ್ಧ ಗಂಟೆ ಬೇಕಾಯಿತು. ನಾನು ಎರಡು ಸಲ ತಪ್ಪು ಕೈ ಎತ್ತಿದೆ. ಕೊನೆಗೆ ಇನ್ನೊಂದು ಸ್ಕ್ರೂನಿಂದ ಸ್ಲೋ ಇಳಿಸಿದೆವು. ಅಪ್ಪ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡ.

ಒಂದು ಸುತ್ತು ಹೋಗಿ ಬಂದು ಪ್ಲಗ್ ಬಿಚ್ಚಿ ನೋಡಿದ. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ. ನಮ್ಮದು ಕಾಫಿ ಪುಡಿ ಬಣ್ಣ ಇತ್ತು.

ಈಗ ಹಿಂದೆ ಕೂತು ಹೋಗುವಾಗ ನನಗೊಂದು ಕೆಲಸ. ಸದ್ದು ಬದಲಾದರೆ ಅಪ್ಪನ ಹೆಗಲು ತಟ್ಟಬೇಕು. ಮೊನ್ನೆ ಒಮ್ಮೆ ತಟ್ಟಿದೆ. ತಕ್ಷಣ ನಿಲ್ಲಿಸಿ ಇಳಿದು ನೋಡಿದ. ನಂಬರ್ ಪ್ಲೇಟು ಸಡಿಲವಾಗಿತ್ತು, ಅಷ್ಟೆ.

— 9ನೇ ತರಗತಿಯ ವಿದ್ಯಾರ್ಥಿನಿ