ಸೋತ ನಾಯಕಿಗೂ ಒಂದು ಶಿಳ್ಳೆ!

"ಚೆಸ್ಸಾ? ಅದರಲ್ಲೇನಿದೆ ಗುರೂ, ಫೈಟಿಂಗ್ ಇಲ್ಲ, ಹಾಡಿಲ್ಲ!" ಎಂದು ಮೂಗು ಮುರಿಯುವ ಗೆಳೆಯರು ನನಗೆ ಬಹಳ ಮಂದಿ. ಅವರಿಗೆಲ್ಲ ನಾನು ಹೇಳೋದು ಒಂದೇ ಮಾತು: 2025ರ ಜುಲೈ 28ರಂದು ಜಾರ್ಜಿಯಾ ದೇಶದ ಬಟೂಮಿಯಲ್ಲಿ ನಡೆದ ಆಟ ನೋಡಬೇಕಿತ್ತು ಕಣ್ರಯ್ಯಾ!

ಅದು ಮಹಿಳೆಯರ ವಿಶ್ವಕಪ್ ಚೆಸ್ ಫೈನಲ್. ಎದುರುಬದುರು ಕೂತವರಿಬ್ಬರೂ ನಮ್ಮ ದೇಶದವರೇ. ಈ ಕಡೆ ಆಂಧ್ರದ ಕೊನೇರು ಹಂಪಿ, ವಯಸ್ಸು 38. ಆ ಕಡೆ ನಾಗಪುರದ ದಿವ್ಯಾ ದೇಶಮುಖ್, ಬರೀ 19. ಸರಿಯಾಗಿ ಅರ್ಧ! ಹಂಪಿ 2002ರಲ್ಲಿ, 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದಾಕೆ. ಭಾರತದ ಹೆಣ್ಣುಮಕ್ಕಳಲ್ಲಿ ಆ ಪಟ್ಟ ಮೊದಲು ಸಿಕ್ಕಿದ್ದೇ ಆಕೆಗೆ. ಆಗ ದಿವ್ಯಾ ಇನ್ನೂ ಹುಟ್ಟಿರಲೇ ಇಲ್ಲ.

ಗಂಟೆಗಟ್ಟಲೆ ಆಡುವ ಎರಡು ಆಟ ಡ್ರಾ. ಆಮೇಲೆ ಬಂತು ನೋಡಿ ರಾಪಿಡ್! ತಲೆಗೆ 15 ನಿಮಿಷ, ಪ್ರತಿ ನಡೆಗೂ 10 ಸೆಕೆಂಡ್ ಸೇರ್ಪಡೆ. ಅದರಲ್ಲೂ ಮೊದಲನೆಯದು ಡ್ರಾ. ಕೊನೆಯ ಆಟದಲ್ಲಿ ದಿವ್ಯಾಗೆ ಕಪ್ಪು ಕಾಯಿ. ಗಡಿಯಾರ ಕುತ್ತಿಗೆ ಹಿಡಿದಾಗ ಹಂಪಿ ಎಡವಿದರು. ದಿವ್ಯಾ ಬಿಡಲಿಲ್ಲ. ಎರಡೂವರೆ – ಒಂದೂವರೆ!

ಗೆದ್ದ ಹುಡುಗಿ ಅಮ್ಮನನ್ನು ತಬ್ಬಿಕೊಂಡು ಗಳಗಳ ಅತ್ತಳು. ಕಪ್ ಜೊತೆಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟವೂ ನೇರ ಕೈಗೆ ಬಂತು. ಹಂಪಿ, ಹಾರಿಕಾ, ವೈಶಾಲಿ ಆದಮೇಲೆ ಭಾರತದಲ್ಲಿ ಈಕೆ ನಾಲ್ಕನೆಯವಳು.

ಆದರೆ ನನ್ನ ಮನಸ್ಸು ಸೋತಾಕೆಯ ಹತ್ತಿರವೇ ನಿಂತುಬಿಟ್ಟಿತು. ಯಾಕೆ ಅಂತೀರಾ? ನಮ್ಮ ಸಿನಿಮಾದಲ್ಲಿ ನಾಯಕಿಗೆ ಮದುವೆಯಾಗಿ ಮಗುವಾಯಿತೋ, ಮುಂದಿನ ಚಿತ್ರದಲ್ಲಿ ಅತ್ತಿಗೆ ಪಾತ್ರ, ಅದರ ಮುಂದಿನದರಲ್ಲಿ ಅಮ್ಮನ ಪಾತ್ರ. ಅವಳ ಜೊತೆಗೇ ಕುಣಿದ ಹೀರೋ ಮಾತ್ರ ಇನ್ನೂ ಕಾಲೇಜು ಹುಡುಗ! ನಾವೂ ಟಿಕೆಟ್ ಕೊಂಡು ಅದನ್ನೇ ನೋಡ್ತೀವಿ, ಶಿಳ್ಳೆ ಹೊಡೀತೀವಿ.

ಹಂಪಿಗೂ 2017ರಲ್ಲಿ ಮಗಳು ಹುಟ್ಟಿದಳು. ಆಟದಿಂದ ದೂರ ಉಳಿದರು. ಮುಗೀತು ಕತೆ ಅಂದುಕೊಂಡವರ ಎದುರಿಗೇ ವಾಪಸ್ ಬಂದು 2019ರಲ್ಲಿ ವಿಶ್ವ ರಾಪಿಡ್ ಚಾಂಪಿಯನ್, 2024ರಲ್ಲಿ ಮತ್ತೊಮ್ಮೆ! ಚದುರಂಗದ ಹಲಗೆ ಯಾರ ವಯಸ್ಸನ್ನೂ ಕೇಳಲಿಲ್ಲ, ಅತ್ತಿಗೆ ಪಾತ್ರವನ್ನೂ ಕೊಡಲಿಲ್ಲ. ಒಳ್ಳೆ ನಡೆ ನಡೆಸಿದವರೇ ಅಲ್ಲಿ ನಾಯಕಿ.

ಆದ್ದರಿಂದ ಮೊದಲ ಶಿಳ್ಳೆ ದಿವ್ಯಾಗೆ. ಎರಡನೆಯದು, ಸ್ವಲ್ಪ ಉದ್ದದ್ದು, ಹಂಪಿಗೆ. ನೀವೇನಂತೀರಿ?